‘ಸ್ವಂತ ಹೊಣೆಯಲ್ಲಿ ಆಡಿ’ ಅಂದರೆ ಯಾರ ಹೊಣೆ?

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಆನ್‌ಲೈನ್ ರಮ್ಮಿಯ ಜಾಹೀರಾತು ಮುಗಿಯುವ ಹೊತ್ತಿಗೆ ಒಂದು ಮಾತು ಬರುತ್ತಿತ್ತು, ನಿಮಗೆ ನೆನಪಿರಬಹುದು. ಈ ಆಟದಲ್ಲಿ ಹಣಕಾಸಿನ ಅಪಾಯವಿದೆ, ಇದು ಚಟವಾಗಬಹುದು, ಜವಾಬ್ದಾರಿಯಿಂದ, ನಿಮ್ಮ ಸ್ವಂತ ಹೊಣೆಯಲ್ಲಿ ಆಡಿ. ಎಷ್ಟೋ ಸಲ ಅದು ನನ್ನ ಕಿವಿಗೆ ಮಾತಾಗಿ ಬೀಳುತ್ತಲೇ ಇರಲಿಲ್ಲ, ಒಂದು ಗುಯ್ ಎನ್ನುವ ಸದ್ದಷ್ಟೇ. ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆ 2020ರ ಡಿಸೆಂಬರ್ 15ರಿಂದ ತಂದ ನಿಯಮದಲ್ಲಿ, ಈ ಎಚ್ಚರಿಕೆಯನ್ನು ಮಾಮೂಲಿ ಮಾತಿನ ವೇಗದಲ್ಲೇ ಓದಬೇಕು, ಜಾಹೀರಾತಿನ ಭಾಷೆಯಲ್ಲೇ ಓದಬೇಕು ಎಂದು ಬರೆದಿತ್ತು. ಪತ್ರಿಕೆಯಲ್ಲಾದರೆ ಕನಿಷ್ಠ ಶೇಕಡ 20ರಷ್ಟು ಜಾಗ ಕೊಡಬೇಕು. ನಿಧಾನವಾಗಿ ಓದಿ ಎಂದು ನಿಯಮವನ್ನೇ ಮಾಡಬೇಕಾಗಿ ಬಂತಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನಾನು ಅಡಿಕೆ ಸೀಮೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಬಹಳ ಕಾಲ ಕೆಲಸ ಮಾಡಿದವನು. ನಿವೃತ್ತಿಗೆ ಸ್ವಲ್ಪ ಮೊದಲು ಒಬ್ಬ ರೈತರು ಮಗನ ಪಾಸ್‌ಬುಕ್ ಹಿಡಿದು ಬಂದರು. ಮಗ ಜೊತೆಯಲ್ಲೇ ಇದ್ದ, ತಲೆ ತಗ್ಗಿಸಿಕೊಂಡು. ಪಾಸ್‌ಬುಕ್ ಮುದ್ರಿಸಿದರೆ ಪುಟದ ಮೇಲೆ ಪುಟ. ಆನ್‌ಲೈನ್ ಆಟಕ್ಕೆ ಮೊದಲು ಐವತ್ತು, ನೂರು ರೂಪಾಯಿ. ಆಮೇಲೆ ಐನೂರು. ಆಮೇಲೆ ಎರಡೆರಡು ಸಾವಿರ, ಒಂದೇ ದಿನದಲ್ಲಿ ಹತ್ತಾರು ಸಲ. ನಡುವೆ ಒಂದೊಂದು ಕಡೆ ಸಣ್ಣ ಮೊತ್ತ ವಾಪಸ್ ಬಂದಿದೆ, ಅದರ ಮರುಗಳಿಗೆಯೇ ದೊಡ್ಡ ಮೊತ್ತ ಹೋಗಿದೆ. ಹೋದ ದುಡ್ಡನ್ನು ತಂದುಬಿಡುತ್ತೇನೆ ಎಂಬ ಹಠ ಹಿಡಿದವನ ಇಡೀ ಕಥೆ ಆ ಸಾಲುಗಳಲ್ಲೇ ಇತ್ತು. ತಂದೆ ಕೇಳಿದ್ದು ಒಂದೇ ಮಾತು: ‘ಸಾರ್, ಇದನ್ನ ನಿಲ್ಸಾಕೆ ಯಾವ್ದಾದ್ರೂ ಫಾರಂ ಐತಾ?’ ನಮ್ಮಲ್ಲಿ ಎಲ್ಲದಕ್ಕೂ ಫಾರಂ ಇತ್ತು. ಅದಕ್ಕೆ ಮಾತ್ರ ಇರಲಿಲ್ಲ.

ನಾನು ಅವತ್ತು ಅಷ್ಟು ತಡವಾಗಿ ನೋಡಿದ ಸಾಲುಗಳನ್ನು ಆಟ ನಡೆಸುವ ಕಂಪನಿಯ ಕಂಪ್ಯೂಟರ್ ಮೊದಲ ದಿನದಿಂದಲೇ ನೋಡುತ್ತಿತ್ತು. ಯಾರು ಎಷ್ಟು ಹೊತ್ತಿಗೆ ಆಡುತ್ತಾರೆ, ಸೋತ ಮೇಲೆ ಎಷ್ಟು ಬೇಗ ಮತ್ತೆ ಹಣ ಹಾಕುತ್ತಾರೆ, ಎಲ್ಲವೂ ಅದಕ್ಕೆ ಗೊತ್ತು. ಹೆತ್ತವರಿಗಿಂತ, ಕಟ್ಟಿಕೊಂಡವಳಿಗಿಂತ ಮೊದಲು ಗೊತ್ತು. ಗೊತ್ತಿದ್ದೂ ‘ಸ್ವಲ್ಪ ನಿಲ್ಲಪ್ಪ’ ಎಂದು ಹೇಳುವ ಬದಲು ಬೋನಸ್ ಎಂದು ಮೂಗಿಗೆ ತುಪ್ಪ ಸವರಿದರೆ, ಹೊಣೆ ಯಾರದು?

ಇಲ್ಲಿ ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಮಾತು ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಒಂದು ಮಿತಿಗಿಂತ ದೊಡ್ಡ ಕಂಪನಿಗಳು, ಉದಾಹರಣೆಗೆ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡುವವು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಾಲೆಗೆ ಶೌಚಾಲಯ, ಕೆರೆಯ ಹೂಳೆತ್ತುವುದು, ಒಳ್ಳೆಯದೇ. ಆದರೆ ಅದೇ ಕಾನೂನಿನ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಕಂಪನಿಯ ದಿನನಿತ್ಯದ ವ್ಯವಹಾರದ ಭಾಗವಾದ ಕೆಲಸ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ತನ್ನ ಆಟಗಾರ ಮುಳುಗದಂತೆ ನೋಡಿಕೊಳ್ಳುವುದು ದಾನವಲ್ಲ, ಅದು ಅಂಗಡಿ ನಡೆಸುವವನ ಕೆಲಸ. ಅದನ್ನು ಬಿಟ್ಟು ಊರಿಗೆ ಕೊಳಾಯಿ ಹಾಕಿಸಿಕೊಟ್ಟರೆ, ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗೆ.

ಬ್ರಿಟನ್ನಿನವರು ಇದನ್ನು ಕಷ್ಟಪಟ್ಟು ಕಲಿತರು. ಅಲ್ಲಿ ಬಾಜಿ ಕಾನೂನುಬದ್ಧ. 2015ರಲ್ಲಿ ಬಾಜಿ ಕಂಪನಿಗಳೇ ಸೇರಿ ಒಂದು ಘೋಷಣೆ ಮಾಡಿದವು: ಮಜಾ ನಿಂತಾಗ ನೀವೂ ನಿಲ್ಲಿಸಿ. ಬರಹದಲ್ಲಿ ‘ಮಜಾ’ ಅನ್ನುವ ಅರ್ಥದ ಪದವನ್ನು ಮಾತ್ರ ಉಳಿದ ಪದಗಳಿಗಿಂತ ದೊಡ್ಡದಾಗಿ ಬರೆದಿದ್ದರು! ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ನೋಡಿದಾಗ ಅದರಿಂದ ಬಾಜಿ ಕಟ್ಟುವುದು ಕಡಿಮೆಯಾಗಲಿಲ್ಲ. ಚಟದ ಚಿಕಿತ್ಸೆಗೆ, ಸಂಶೋಧನೆಗೆ ಕಂಪನಿಗಳು ಹಣ ಕೊಡುತ್ತಿದ್ದವು, ಎಷ್ಟು ಅನ್ನುವುದು ಅವರವರ ಮರ್ಜಿ. ಕೊನೆಗೆ 2025ರ ಏಪ್ರಿಲ್‌ನಿಂದ ಅದನ್ನು ಕಡ್ಡಾಯ ತೆರಿಗೆ ಮಾಡಿದರು, ಅದರ ಅರ್ಧ ಚಿಕಿತ್ಸೆಗೇ ಮೀಸಲು. ಕ್ರೆಡಿಟ್ ಕಾರ್ಡಿನಿಂದ ಬಾಜಿ ಕಟ್ಟುವುದನ್ನು 2020ರಲ್ಲೇ ನಿಲ್ಲಿಸಿದ್ದರು. ಸಾಲದ ದುಡ್ಡಲ್ಲಿ ಆಡಬೇಡ ಎಂದು ಉಪದೇಶ ಮಾಡಲಿಲ್ಲ, ದಾರಿಯನ್ನೇ ಮುಚ್ಚಿದರು.

ನಮ್ಮಲ್ಲಿ? ಆನ್‌ಲೈನ್ ಜೂಜಿನ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧದ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಅದು ಸರಿಯಾದ ತೀರ್ಮಾನ. ಆದರೆ ಗೋವಾದ ಮಾಂಡವಿ ನದಿಯ ಕ್ಯಾಸಿನೊ ಹಡಗುಗಳಿಗೆ ಈ ಕಾಯ್ದೆ ತಾಗುವುದಿಲ್ಲ. ಗೋವಾ ಸರ್ಕಾರ 2020ರ ಫೆಬ್ರವರಿಯಿಂದ ತನ್ನ ರಾಜ್ಯದವರು ಕ್ಯಾಸಿನೊಗೆ ಹೋಗಿ ಆಡಬಾರದು ಎಂದಿತು. ಬೆಳಗಾವಿ, ಹುಬ್ಬಳ್ಳಿಯಿಂದ ಹೋದವರಿಗೆ ಬಾಗಿಲು ತೆರೆದೇ ಇದೆ. ತಮ್ಮ ಮಕ್ಕಳಿಗೆ ಬೇಡವಾದದ್ದು ನೆರೆಮನೆಯ ಮಕ್ಕಳಿಗೆ ಆಗಬಹುದೇ?

ಆ ರೈತರು ಕೇಳಿದ ಫಾರಂ ಸಿಂಗಪುರದಲ್ಲಿ ಇದೆ ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಅಲ್ಲಿ 2010ರಲ್ಲಿ ಎರಡು ಕ್ಯಾಸಿನೊ ತೆರೆದವು. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಯಾರು ಬೇಕಾದರೂ ಅರ್ಜಿ ಹಾಕಿ ತಮ್ಮವರನ್ನು ಒಳಗೆ ಬಿಡದಂತೆ ಆದೇಶ ಕೇಳಬಹುದು. ನಮ್ಮ ಶಾಖೆಯ ಕೌಂಟರಿನಲ್ಲಿ ಅಂಥದ್ದೊಂದು ಹಾಳೆ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಈಗ ಕೈಗೆ ಎಟಕುವಂಥದ್ದೊಂದು ಹೇಳುತ್ತೇನೆ. ಜೂಜಿನ ಚಟ ಕೆಟ್ಟ ನಡತೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇರುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಗೀಳಿಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. ಅಲ್ಲಿಗೆ ಹೋಗಲಾಗದವರಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಬಹುದು. ಪೆನ್ನು ತೆಗೆದುಕೊಳ್ಳಿ, ನಾನು ಕಾಯುತ್ತೇನೆ. 14416. ಇನ್ನೊಮ್ಮೆ, ನಿಧಾನವಾಗಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.