ಬಿಳಿಕಲ್ಲಿನ ಪಕ್ಕದ ಚಿನ್ನ

ಕೇಳುಗರಿಗೆ ನಮಸ್ಕಾರ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇರೋದು ನಿಮಗೆಲ್ಲ ಗೊತ್ತೇ ಇದೆ. ಆದರೆ ನೆಲದೊಳಗಿನ ಚಿನ್ನದ ಜಾಡು ಹಿಡಿಯುವುದು ಹೇಗೆ?

ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿನ ಕರಿಕಲ್ಲು ಒತ್ತಡಕ್ಕೆ ಸಿಕ್ಕಿ ಸೀಳಿತು. ಆ ಸೀಳುಗಳಲ್ಲಿ ಆಳದಿಂದ ಬಿಸಿನೀರು ಮೇಲೇರಿತು. ಗಂಧಕದ ಜೊತೆ ಸೇರಿ ಚಿನ್ನವೂ ಅದರಲ್ಲಿ ಕರಗಿ ಬಂತು. ಕರಿಕಲ್ಲಿನಲ್ಲಿದ್ದ ಕಬ್ಬಿಣ ಆ ಗಂಧಕವನ್ನು ಎಳೆದುಕೊಂಡಿತು. ಗಂಧಕ ಕೈಬಿಟ್ಟ ಚಿನ್ನ ಅಲ್ಲೇ ಕೂತಿತು. ಸೀಳಿನ ತುಂಬ ಬಿಳಿ ಬೆಣಚುಕಲ್ಲು ಕಟ್ಟಿಕೊಂಡಿತು.

ಹಾಗಾಗಿ ಬಿಳಿಕಲ್ಲು ಕಂಡ ಕೂಡಲೇ ಹಿಗ್ಗಬೇಡಿ. ಬರೀ ಬೆಣಚು ಎಷ್ಟೋ ಕಡೆ ಸುಮ್ನೆ ಬಿದ್ದಿರುತ್ತದೆ. ಹಟ್ಟಿಯಲ್ಲಿ ಅದರ ಅಕ್ಕಪಕ್ಕದ ಕರಿಕಲ್ಲಿನಲ್ಲೂ ಚಿನ್ನ ಇದೆ. ಅಲ್ಲಿ ಕಬ್ಬಿಣ, ಗಂಧಕ ಸೇರಿ ಆದ ಪೈರೈಟಿನಂಥ ಹೊಳೆಯುವ ಖನಿಜಗಳು ಜಾಸ್ತಿ, ಜೊತೆಗೆ ಆರ್ಸೆನಿಕ್ಕೂ ಸೇರಿರುವ ಬೆಳ್ಳಿ ಬಣ್ಣದ ಆರ್ಸೆನೋಪೈರೈಟ್. ಇದನ್ನು ಸುತ್ತಿಗೆಯಲ್ಲಿ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ!

ಹುಡುಕುವವರು ಮೊದಲು ನೋಡುವುದು ಹಳಬರ ಗುಂಡಿಗಳನ್ನು. ಹಟ್ಟಿಯಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಕಲ್ಲಿಗೆ ಬೆಂಕಿ ಹಾಕಿ, ಕಾಯಿಸಿ, ಒಡೆದು 600 ಅಡಿಗೂ ಕೆಳಗೆ ಇಳಿದಿದ್ದರು. ಅವರ ಕಣ್ಣು ನಮ್ಮ ಎಷ್ಟೋ ಯಂತ್ರಗಳಿಗಿಂತ ಚುರುಕಾಗಿತ್ತು. ಅಂದಹಾಗೆ, 1915ರಲ್ಲಿ ಇದೇ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಶಾಸನ.

ಆಮೇಲೆ ಮಣ್ಣಿನ ಪರೀಕ್ಷೆ, ಉದ್ದನೆಯ ಕಾಲುವೆ ತೋಡಿ ಕಲ್ಲು ನೋಡುವುದು. ಕೊನೆಗೆ ಬೋರ್. ಚಿನ್ನದ ಪಟ್ಟಿಗಳು ಕಡಿದಾಗಿ ಇಳಿಯುತ್ತವೆ, ಅದಕ್ಕೆ ಬೋರನ್ನು ಓರೆಯಾಗಿ ಕೊರೆಯುತ್ತಾರೆ. ವಜ್ರದ ಹರಳು ಕೂರಿಸಿದ ಕೊರೆಯುವ ತುದಿ ಒಳಗಿನಿಂದ ಉರುಟು ಕಲ್ಲಿನ ಕೋಲನ್ನು ತರುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಟ್ರೇನಲ್ಲಿ ಇಟ್ಟುಕೊಂಡು, ಇನ್ನರ್ಧವನ್ನು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಹಿಟ್ಟಿನಂತೆ ಪುಡಿ ಮಾಡಿ, ಸೀಸದ ಜೊತೆ ಕರಗಿಸುತ್ತಾರೆ. ಚಿನ್ನ ಸೀಸದೊಳಗೆ ಸೇರುತ್ತದೆ. ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಕಾಯಿಸಿದರೆ ಸೀಸ ಹೋಗುತ್ತದೆ, ತಳದಲ್ಲಿ ಕಣ್ಣಿಗೆ ಕಂಡೂ ಕಾಣದ ಮಣಿ ಉಳಿಯುತ್ತದೆ. ಅದರಲ್ಲಿ ಬೆಳ್ಳಿಯೂ ಬೆರೆತಿರುತ್ತದೆ. ಬೆಳ್ಳಿಯನ್ನು ಆಸಿಡ್‌ನಲ್ಲಿ ಕರಗಿಸಿ, ಉಳಿದದ್ದನ್ನು ತೂಗುತ್ತಾರೆ.

ಒಂದು ಟನ್ ಕಲ್ಲಿಗೆ ನಾಲ್ಕೈದು ಗ್ರಾಂ ಇದ್ದರೆ ಅದು ಒಳ್ಳೆ ಅದಿರು. ಇಡೀ ಟನ್ನಿಗೆ ಒಂದು ಉಂಗುರ, ಅಷ್ಟೇ! ಅದೂ ಒಂದೇ ಸಮ ಹರಡಿರುವುದಿಲ್ಲ. ಒಂದು ಬೋರಿನಲ್ಲಿ ಭರ್ಜರಿಯಾಗಿ ಸಿಕ್ಕಿ, ಪಕ್ಕದ್ದು ಖಾಲಿ ಬರಬಹುದು. ಅದಕ್ಕೇ ಎಲ್ಲೋ ಟನ್ನಿಗೆ ಹತ್ತು ಗ್ರಾಂ ಸಿಕ್ಕಿತು ಅಂತ ಸುದ್ದಿ ಬಂದರೆ ನಾನು ಕೇಳೋದು ಎರಡೇ ಪ್ರಶ್ನೆ: ಎಷ್ಟು ಮೀಟರ್ ಕಲ್ಲಿನಲ್ಲಿ? ಎಷ್ಟು ಬೋರ್‌ಗಳಲ್ಲಿ?

ನಮಸ್ಕಾರ.