ಲಡ್ಡು ಕುಂಟೆಗೊಂದು ಗಾಜಿನ ಮನೆ

ಎಲ್ಲರಿಗೂ ನಮಸ್ಕಾರ. ಶುರುವಿಗೇ ಒಂದು ತಕರಾರು. ಬೆಳಿಗ್ಗೆ ಬಂದಾಗ ಈ ಸಭಾಂಗಣದ ಹಿಂದಿನ ಹಲಸಿನ ಮರದಡಿ ಗೇಣುದ್ದ ದರಕು, ಅಂದರೆ ಉದುರಿದ ಒಣ ಎಲೆ, ಬಿದ್ದಿತ್ತು. ಕಾಫಿ ಕುಡಿದು ಬರೋದರೊಳಗೆ ಅಂಗಳ ಚೊಕ್ಕ. ಕೇಳಿದರೆ, "ಇವತ್ತು ಉಪನ್ಯಾಸ ಇದೆಯಲ್ಲ ಸರ್, ಅದಕ್ಕೇ ಗುಡಿಸಿದ್ವಿ" ಅಂದರು. ದರಕಿನ ಬಗ್ಗೆ ಮಾತಾಡೋಕೆ ಬಂದವನ ಗೌರವಾರ್ಥ ದರಕು ಗುಡಿಸಿದ್ದಾರೆ! ರಾಶಿಗೆ ಸಂಜೆ ಬೆಂಕಿ ಹಾಕ್ತಾರಂತೆ.

ಇರಲಿ. ನಿಮ್ಮಲ್ಲಿ ಅರ್ಧ ಜನ ಶಿಲ್ಪ ಕಲಿಯುವವರು, ಉಳಿದರ್ಧ ಅಡಿಕೆ ತೋಟದವರು. ಕೊಳೆಯೋದು ಅಂದರೇನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಕೊಳೆಯೋ ಮರವನ್ನೇ ಊರ ನಡುವೆ ತಂದಿಟ್ಟ ಒಂದು ಕಲಾಕೃತಿಯ ಕಥೆ ಹೇಳ್ತೇನೆ.

ಅಮೆರಿಕದ ಸಿಯಾಟಲ್‌ನಲ್ಲಿ ನೀರಿನ ದಂಡೆಗೆ ಒಲಿಂಪಿಕ್ ಸ್ಕಲ್ಪ್ಚರ್ ಪಾರ್ಕ್ ಇದೆ. 9 ಎಕರೆ. ಹಿಂದೆ ತೈಲ ಕಂಪನಿಯ ಜಾಗ, ಮಣ್ಣು ಎಣ್ಣೆ ಕುಡಿದು ಕೆಟ್ಟಿತ್ತು. ಶುದ್ಧ ಮಾಡಿ 2007ರ ಜನವರಿಯಲ್ಲಿ ಪಾರ್ಕ್ ತೆರೆದರು. ಅಲ್ಲಿರೋದು ಮಾರ್ಕ್ ಡಿಯಾನ್ ಅನ್ನೋ ಕಲಾವಿದರ 'ನ್ಯೂಕಮ್ ವೈವೇರಿಯಂ'. ವೈವೇರಿಯಂ ಅಂದರೆ ಜೀವಿಗಳನ್ನು ಇಟ್ಟು ಸಾಕೋ ಮನೆ. 1996ರಲ್ಲಿ ಗ್ರೀನ್ ರಿವರ್ ಕಡೆಯ ಕಾಡಲ್ಲಿ ಬಿದ್ದ ಒಂದು ಹೆಮ್ಲಾಕ್ ಮರ, ಪೈನ್ ಥರದ್ದು. ಅದರ 60 ಅಡಿ ಕಾಂಡವನ್ನು ಪಾಚಿ, ಜರಿಗಿಡ, ಹುಳುಹುಪ್ಪಟೆ ಸಮೇತ ತಂದು 80 ಅಡಿಯ ಗಾಜಿನ ಮನೇಲಿ ಮಲಗಿಸಿದ್ದಾರೆ.

ಮಗಳ ಮನೆಗೆ ಹೋಗಿದ್ದಾಗ ನಮ್ಮ ಆಯಿಯನ್ನೂ (ಅಮ್ಮನನ್ನೂ) ಅಲ್ಲಿಗೆ ಕರ್ಕೊಂಡು ಹೋದೆ. ಸೀರೆ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಶೂ. ಒಳಗೆ ಕಾಲಿಟ್ಟವಳೇ ನಿಂತಳು. "ಇದು ಲಡ್ಡು ಕುಂಟೆ ಅಲ್ದನ ತಮಾ? ಇದಕ್ಕೆಂತಕ್ಕೆ ಗಾಜಿನ ಮನೆ?"

ಲಡ್ಡು ಕುಂಟೆ ಅಂದರೆ ನಮ್ಮ ಕಡೆ ಕೊಳೆತ ಮರದ ದಿಮ್ಮಿ. ನನಗೋ ಸಂಕೋಚ. ಅಲ್ಲಿದ್ದ ಹುಡುಗಿ ನಗ್ತಾ ಆಯಿಯ ಕೈಗೆ ಭೂತಗನ್ನಡಿ ಕೊಟ್ಟಳು. ಅಷ್ಟೇ, ಮುಂದಿನ ಒಂದು ತಾಸು ಆಯಿ ನಮ್ಮ ಕೈಗೆ ಸಿಗಲಿಲ್ಲ. ಗೋಡೆಯ ನೀಲಿ-ಬಿಳಿ ಟೈಲ್ಸ್ ಮೇಲೆ ಆ ಮರದಲ್ಲಿರೋ ಜೀವಗಳ ಚಿತ್ರ ಇದೆ. ಚಿತ್ರ ನೋಡೋದು, ಕುಂಟೆ ನೋಡೋದು, ತಾಳೆ ಹಾಕೋದು. ಕುಂಟೆಯ ಬೆನ್ನ ಮೇಲಿನ ಸಸಿ ನೋಡಿ ಒಂದು ಕಿತ್ತು ಬೇರೆ ಕಡೆ ನೆಡಲಾ ಅಂತ ಕೈ ಚಾಚಿದಳು! ಆ ಹುಡುಗಿ ಓಡಿ ಬಂತು. ಆಮೇಲೆ ಆಯಿ ತಲೆಯೆತ್ತಿ ಹಸಿರು ಗಾಜಿನ ಮಾಡು, ನೀರು ಬಿಡೋ ಪೈಪು ಎಲ್ಲಾ ನೋಡಿ ಕೇಳಿದಳು: "ತಮಾ, ಇದರ ಕರೆಂಟ್ ಬಿಲ್ ಯಾರು ಕಟ್ತ?"

ಆ ಕಲಾಕೃತಿಯ ಬಗ್ಗೆ ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಓದಿಲ್ಲ. ಡಿಯಾನ್ ಕೇಳ್ತಿರೋದೂ ಇದನ್ನೇ. ಪ್ರಕೃತಿ ಎಷ್ಟು ಚೆಂದ ಅಂತ ತೋರಿಸೋಕೆ ಅವರು ಅದನ್ನು ಕಟ್ಟಿದ್ದಲ್ಲ. ಒಂಥರಾ ಅನಿಷ್ಟದ ಕೆಲಸವೇ ಇದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಬಿದ್ದ ಮರವನ್ನು ತೀವ್ರ ನಿಗಾ ಘಟಕದ ರೋಗಿಯ ಹಾಗೆ ಗಾಳಿ, ತೇವ, ನೀರು ಕೊಟ್ಟು ಇಟ್ಟುಕೊಳ್ಳಬೇಕು. ಕಾಡು ಇದನ್ನೆಲ್ಲ ಸುಮ್ಮನೆ ಮಾಡ್ತದೆ, ಬಿಲ್ ಕಳಿಸೋದಿಲ್ಲ. ಕಳಿಸದ ಬಿಲ್ಲನ್ನು ಓದಿ ಹೇಳೋ ಕಲೆ ಅದು.

ಆ ಸಸಿಗಳ ವಿಷಯ. ಅಲ್ಲಿಯ ಕಾಡಲ್ಲಿ ನೆಲದ ತುಂಬ ಪಾಚಿ, ಜರಿ. ಹೆಮ್ಲಾಕ್‌ನ ಸಣ್ಣ ಬೀಜಕ್ಕೆ ಜಾಗ ಸಿಗೋದೇ ಕಷ್ಟ. ಹಾಗಾಗಿ ಬಿದ್ದ ಮರದ ಬೆನ್ನೇರಿ ಮೊಳೀತದೆ. ಅಂಥ ಮರಕ್ಕೆ ಅವರು ನರ್ಸ್ ಲಾಗ್ ಅಂತಾರೆ. ಬಾಣಂತಿ ಕುಂಟೆ ಅನ್ನೋಣವೇ? ಬೇಡ, ಸೂಲಗಿತ್ತಿ ಕುಂಟೆ. ಅಲ್ಲಿ ತಣ್ಣನೆ ಹವೆ, ಮರ ನಿಧಾನ ಕೊಳೀತದೆ. ಇದೇ ಪ್ರದರ್ಶನ ನಮ್ಮ ಶಿರಸಿಯಲ್ಲಿ ಇಟ್ಟರೆ ನಾಲ್ಕು ಮಳೆಗಾಲದಲ್ಲಿ ವರಲೆ (ಗೆದ್ದಲು) ಕುಂಟೆ ಮುಗಿಸಿ, ಬಾಗಿಲ ಚೌಕಟ್ಟು ಹಿಡಿದು, ಕೊನೆಗೆ ಉದ್ಘಾಟನೆಯ ಆಮಂತ್ರಣ ಪತ್ರಿಕೆಯನ್ನೂ ತಿಂದಿರ್ತಿತ್ತು.

ನಗಬೇಡಿ, ನಾವೂ ಬಿಲ್ ಕಟ್ಟಿದವರಲ್ಲ. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ದರಕು ತರೋ ಕಾಡು, ಅಂತ ಲೆಕ್ಕ. ಅಂದರೆ ತೋಟದ ಬಿಲ್ಲನ್ನು ಬೆಟ್ಟ ಕಟ್ಟಿದೆ, ದರಕು ಹೊತ್ತ ಹೆಂಗಸರ ಬೆನ್ನು ಕಟ್ಟಿದೆ. ಆ ಪಾರ್ಕೂ 9 ಎಕರೆ ಅಂತ ಹೇಳಿದಾಗ ಆಯಿ, "ಒಂದೆಕರೆ ತೋಟಕ್ಕೆ ಸರಿಯಾತು" ಅಂದಿದ್ದಳು.

ಚೀಟಿ ಬಂತು. ಐದು ನಿಮಿಷವಂತೆ. ಮರವನ್ನು ಗಟ್ಟಿಯಾಗಿಡೋ ಲಿಗ್ನಿನ್, ಅದನ್ನು ಕೊಳೆಸೋ ಬಿಳಿಕೊಳೆ ಶಿಲೀಂಧ್ರ, ನಾಗಮಂಡಲದ ಬಣ್ಣ ಬೆಳಗಾಗುವಾಗ ಅಳಿಸೋದು, ಇವೆಲ್ಲ ಬಿಟ್ಟೆ. ಒಂದೇ ಹೇಳ್ತೇನೆ. ಸ್ಯಾನ್‌ಫ್ರಾನ್ಸಿಸ್ಕೋದ ಪ್ರೆಸಿಡಿಯೋ ಪಾರ್ಕಿನಲ್ಲಿ ಆಂಡಿ ಗೋಲ್ಡ್ಸ್‌ವರ್ದಿ ಅನ್ನೋ ಶಿಲ್ಪಿ 2011ರ ಹೊತ್ತಿಗೆ ನೀಲಗಿರಿ ಕೊಂಬೆಗಳನ್ನು ಹಾವಿನ ಹಾಗೆ ನೆಲದ ಮೇಲೆ ಜೋಡಿಸಿದರು. ನೀಲಗಿರಿ ಅಂದಕೂಡಲೇ ನಿಮ್ಮ ಮುಖ ನೋಡಬೇಕು! ಆ ಕೊಂಬೆಗಳಿಗೆ ಗಾಜಿನ ಮನೆಯಿಲ್ಲ, ಯಂತ್ರವಿಲ್ಲ. ಕೊಳೆತು ಮಣ್ಣಾಗಲಿ ಅಂತಲೇ ಇಟ್ಟಿದ್ದು. ಡಿಯಾನ್ ಬಿಲ್ ತೋರಿಸ್ತಾರೆ, ಇವರು ಬಿಲ್ಲೇ ಬಾರದ ಹಾಗೆ ಮಾಡ್ತಾರೆ. ನನಗೆ ಡಿಯಾನರೇ ಹೆಚ್ಚು, ಬಹುಶಃ ಆಯಿಯಿಂದಾಗಿ.

ಶಿಲ್ಪದ ಮಕ್ಕಳೇ, ವೃತ್ತಕ್ಕೊಂದು ಫೈಬರ್ ಆನೆ ಮಾಡಿಕೊಡಿ ಅಂತ ನಿಮ್ಮನ್ನು ಕರೀತಾರೆ, ಹೋಗಿ, ಹೊಟ್ಟೆಪಾಡು. ಆದರೆ ಇವತ್ತಿಗೆ ಒಂದು ಕೆಲಸ ಇದೆ. ಹಿಂದಿನ ರಾಶಿಗೆ ಬೆಂಕಿ ಹಾಕೋ ಅಣ್ಣನಿಗೆ, ನನ್ನ ಮಾತು ಮುಗಿಯೋವರೆಗೆ ತಡೀರಿ ಅಂದಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತಿದ್ದಾರೆ, ಕಡ್ಡಿಪೆಟ್ಟಿಗೆ ಕೈಲೇ ಇದೆ. ಯಾರಾದರೂ ಎರಡು ಬುಟ್ಟಿ ತನ್ನಿ, ದರಕನ್ನು ವಾಪಸ್ ಹಲಸಿನ ಬುಡಕ್ಕೆ ಹಾಕೋಣ. ಚಹಾ ಆಮೇಲೆ.