ಉಪ್ಪಿಟ್ಟಿಗೆ ಎಂಟನೆಯ ಅಂಕಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಿನ ಹನ್ನೊಂದು ಗಂಟೆಗೆ ಹೋಟೆಲಿಗೆ ಹೋಗಿದ್ದೀರಿ ಎಂದುಕೊಳ್ಳಿ. ತಿಂಡಿಯ ಹೊತ್ತು ಮುಗಿಯುತ್ತ ಬಂದಿದೆ. ಮಾಣಿ ಬಂದು ನಿಲ್ಲುತ್ತಾನೆ. ಮಸಾಲೆ ದೋಸೆ ಎನ್ನುತ್ತೀರಿ. ಮುಗಿದಿದೆ ಎನ್ನುತ್ತಾನೆ. ಹಾಗಾದರೆ ಸೆಟ್ ದೋಸೆ. ಅದೂ ಮುಗಿಯಿತು ಸ್ವಾಮಿ. ಸರಿ, ಇಡ್ಲಿಯನ್ನಾದರೂ ತಾ, ಉಪ್ಪಿಟ್ಟು ಮಾತ್ರ ಬೇಡಪ್ಪ ಎನ್ನುತ್ತೀರಿ. ಇಷ್ಟು ಮಾತು ನಿಮಗೆ ಆಡಲು ಬಂದರೆ ಆಸ್ಟ್ರೇಲಿಯದ ಚುನಾವಣೆ ಅರ್ಥವಾದಂತೆಯೇ. ಉಳಿದದ್ದೆಲ್ಲ ವಿವರ. ಉಪ್ಪಿಟ್ಟು ಪ್ರಿಯರು ದಯವಿಟ್ಟು ಆಕಾಶವಾಣಿಗೆ ಪತ್ರ ಬರೆಯಬೇಡಿ. ನಮ್ಮ ಮನೆಯಲ್ಲಿಯೂ ವಾರಕ್ಕೆರಡು ಸಲ ಅದೇ.

ಆಸ್ಟ್ರೇಲಿಯದ ಸಾಮಾನ್ಯ ಜನ ಯಾರಿಗೆ ಮತ ಎಂದು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಹದಿನೈದು ನಿಮಿಷದಲ್ಲಿ ಹೇಳಬೇಕು ಎಂದಿದ್ದಾರೆ. ರಾಜ್ಯಶಾಸ್ತ್ರದ ಮೇಷ್ಟರಿಗೆ ಹದಿನೈದು ನಿಮಿಷವೆಂದರೆ ಹಾಜರಿ ತೆಗೆದುಕೊಳ್ಳುವುದಕ್ಕೇ ಸಾಲದು. ಆದ್ದರಿಂದ ನಾನು ಒಂದೇ ಮಾತನ್ನು ಹೇಳುತ್ತೇನೆ. ಅಕ್ಕಿ ಆರಿಸುತ್ತ ಕೇಳುತ್ತಿರುವ ತಾಯಂದಿರು, ಅಂಗಡಿಯಲ್ಲಿ ರೇಡಿಯೊ ಹಚ್ಚಿಟ್ಟು ಕುಳಿತವರು, ಪರೀಕ್ಷೆಗೆ ಓದುತ್ತಿರುವ ಬಿ.ಎ. ಹುಡುಗರು, ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಅಲ್ಲಿಯವರು ಯಾರು ಬೇಕು ಎನ್ನುವುದಕ್ಕಿಂತ ಮೊದಲು ಯಾರು ಬೇಡ ಎಂದು ತೀರ್ಮಾನಿಸುತ್ತಾರೆ.

ಮತಪತ್ರವೇ ಹಾಗಿದೆ. ಸಂಸತ್ತಿನ ಕೆಳಮನೆಗೆ ಹಸಿರು ಕಾಗದ. ಎಂಟು ಹೆಸರುಗಳಿದ್ದರೆ ಎಂಟು ಖಾಲಿ ಚೌಕ. ಮುದ್ರೆ ಒತ್ತುವುದಿಲ್ಲ, ಗುಂಡಿ ಅದುಮುವುದಿಲ್ಲ. ರಟ್ಟಿನ ಮರೆಯಲ್ಲಿ ನಿಂತು ಪೆನ್ಸಿಲಿನಲ್ಲಿ ಒಂದರಿಂದ ಎಂಟರವರೆಗೆ ಅಂಕಿ ಬರೆಯಬೇಕು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯದ ಮತ ಎಂದರೆ ಏನೆಂದು ಗೊತ್ತು. ಆದರೆ ಇಲ್ಲಿ ನಾವು ಒಬ್ಬರ ಮುಂದೆ ಒಂದು ಎಂದು ಬರೆದು ಹೊರಗೆ ಬಂದರೂ ಮತ ಸಿಂಧು. ಅಲ್ಲಿ ಹಾಗೆ ಮಾಡಿದರೆ ಕಾಗದ ಅಸಿಂಧುವಿನ ರಾಶಿಗೆ ಹೋಗುತ್ತದೆ. ಎಂಟೂ ಚೌಕ ತುಂಬಲೇಬೇಕು. ಅಂದರೆ ನಿಮಗೆ ಇಷ್ಟವಿಲ್ಲದವರಿಗೂ ಒಂದು ಅಂಕಿ ಕೊಡಲೇಬೇಕು, ಅವರೊಳಗೆ ಯಾರು ಹೆಚ್ಚು ಇಷ್ಟವಿಲ್ಲ ಎಂದೂ ಹೇಳಬೇಕು.

ಎಣಿಕೆಯೂ ಹೋಟೆಲಿನ ಲೆಕ್ಕವೇ. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಎಲ್ಲರಿಗಿಂತ ಕಡಿಮೆ ಪಡೆದವರನ್ನು ಕೈಬಿಡುತ್ತಾರೆ. ಅವರ ಕಾಗದಗಳನ್ನು ಬಿಡಿಸಿ, ಎರಡು ಎಂದು ಯಾರ ಮುಂದೆ ಬರೆದಿದೆಯೋ ಅವರ ರಾಶಿಗೆ ಸೇರಿಸುತ್ತಾರೆ. ದೋಸೆ ಮುಗಿಯಿತು, ಸೆಟ್ ದೋಸೆಗೆ ಹೋಗು. ಅದೂ ಮುಗಿಯಿತು, ಇಡ್ಲಿಗೆ ಹೋಗು. ಯಾರಾದರೂ ಅರ್ಧ ದಾಟುವವರೆಗೆ ಹೀಗೆಯೇ. 2025ರ ಮೇ 3ರಂದು ನಡೆದ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಮೊದಲ ಪ್ರಾಶಸ್ತ್ಯದ ಮತ ಬಂದದ್ದು ನೂರಕ್ಕೆ ಸುಮಾರು 35. ಗೆದ್ದ ಸ್ಥಾನಗಳು 150ರಲ್ಲಿ 94. ಇದು ಅನ್ಯಾಯವಲ್ಲವೇ ಎಂದು ನನ್ನನ್ನು ಕೇಳುತ್ತಾರೆ. ಅಲ್ಲ ಸ್ವಾಮಿ. ಉಳಿದ ಬಹಳ ಜನ ಲೇಬರ್ ಪಕ್ಷವನ್ನು ಎರಡನೆಯದೋ ಮೂರನೆಯದೋ ಎಂದು ಬರೆದಿದ್ದರು. ಅವರಿಗೆ ಅದು ದೋಸೆಯಲ್ಲ, ಇಡ್ಲಿ. ಅವರ ಉಪ್ಪಿಟ್ಟು ಬೇರೆ ಪಕ್ಷವಾಗಿತ್ತು.

ಇನ್ನೊಂದು ವಿಷಯ. ಅಲ್ಲಿ ಮತ ಹಾಕುವುದು ಕಡ್ಡಾಯ. 1922ರಲ್ಲಿ ನೂರಕ್ಕೆ ಅರವತ್ತು ಜನವೂ ಮತಗಟ್ಟೆಗೆ ಬಂದಿರಲಿಲ್ಲ. 1924ರಲ್ಲಿ ಕಾನೂನು ತಂದರು. ಮರುವರ್ಷದ ಚುನಾವಣೆಗೆ ನೂರಕ್ಕೆ 91ಕ್ಕೂ ಹೆಚ್ಚು ಜನ ಬಂದರು. ಈಗಲೂ ಹತ್ತರಲ್ಲಿ ಒಂಬತ್ತು ಮಂದಿ ಬರುತ್ತಾರೆ. ಕಾರಣ ಹೇಳದೆ ತಪ್ಪಿಸಿಕೊಂಡರೆ 20 ಡಾಲರ್ ದಂಡ. ದೊಡ್ಡ ಮೊತ್ತವೇನೂ ಅಲ್ಲ, ಆದರೆ ಮನೆಗೆ ಸರ್ಕಾರದ ಕಾಗದ ಬರುವುದು ಯಾರಿಗೂ ಬೇಡ. ಹೀಗಾಗಿ ರಾಜಕೀಯದ ಗಂಧಗಾಳಿ ಬೇಡದವನೂ ಶನಿವಾರ ಎದ್ದು ಬರುತ್ತಾನೆ. ಅವನಿಗೆ ಯಾರೂ ಬೇಕಾಗಿಲ್ಲ. ಆದರೆ ಯಾರು ಬೇಡ ಎಂದು ಕೇಳಿ ನೋಡಿ, ತಟ್ಟನೆ ಹೇಳುತ್ತಾನೆ.

2022ರ ಮೇ ತಿಂಗಳಲ್ಲಿ ನಾನು ಮೆಲ್ಬರ್ನಿನಲ್ಲಿ ಮಗಳ ಮನೆಯಲ್ಲಿದ್ದೆ. ಪಕ್ಕದ ಮನೆಯ ಹಿರಿಯರು ನಿವೃತ್ತ ಟ್ರಾಮ್ ಚಾಲಕರು. ಮತದಾನದ ಹಿಂದಿನ ಸಂಜೆ ಬೇಲಿಯ ಆಚೆ ನಿಂತು, ವಿದ್ಯುತ್ ಬಿಲ್ಲಿನ ಲಕೋಟೆಯ ಹಿಂಬದಿಯಲ್ಲಿ ಎಂಟು ಚೌಕ ಬರೆದು ನನಗೆ ತೋರಿಸಿದರು. ಒಂದರಿಂದ ಶುರು ಮಾಡುತ್ತಾರೆ ಎಂದು ನಾನು ಕಾದೆ. ಅವರು ಒಂದು ಹೆಸರಿನ ಮುಂದೆ ಎಂಟು ಎಂದು ಬರೆದರು. ಎಷ್ಟು ಒತ್ತಿ ಬರೆದರೆಂದರೆ ಪೆನ್ಸಿಲಿನ ಮೊನೆ ಮುರಿಯಿತು. ಜೇಬಿನಿಂದ ಇನ್ನೊಂದು ತೆಗೆದು ಏಳು ಬರೆದರು, ಆರು ಬರೆದರು. "ಈ ಹೆಂಗಸು ಯಾರೋ ಗೊತ್ತಿಲ್ಲ, ಪಾಪ, ನಾಲ್ಕು ಇರಲಿ" ಎಂದರು. ಮೇಲಕ್ಕೆ ಬರುತ್ತ ಬರುತ್ತ ಕೈ ನಿಧಾನವಾಯಿತು. ಒಂದು ಮತ್ತು ಎರಡು ಉಳಿದಾಗ ಲಕೋಟೆ ಮಡಚಿ, "ಇದನ್ನು ನಾಳೆ ನೋಡಿಕೊಂಡರಾಯಿತು" ಎಂದು ಒಳಗೆ ಹೋದರು. ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದನ್ನು ಆ ಮನುಷ್ಯ ಮೂರು ನಿಮಿಷದಲ್ಲಿ ತೋರಿಸಿಬಿಟ್ಟರು.

ಈಗ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಕಥೆ. ಇದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು.

ರಾಬರ್ಟ್ ಮೆಂಜಿಸ್ ಎಂಬ ಪ್ರಧಾನಿ ಇದ್ದರು. ಲೇಬರ್ ಪಕ್ಷದ ಮುಖ್ಯ ಎದುರಾಳಿಯಾದ ಲಿಬರಲ್ ಪಕ್ಷ ಕಟ್ಟಿದವರು, 1949ರಿಂದ ಕುರ್ಚಿ ಬಿಟ್ಟಿರಲಿಲ್ಲ. ಅವರಿಗೆ ಕಮ್ಯುನಿಸ್ಟರನ್ನು ಕಂಡರೆ ಆಗದು. ಎಷ್ಟು ಆಗದೆಂದರೆ 1950ರಲ್ಲಿ ಆ ಪಕ್ಷವನ್ನೇ ನಿಷೇಧಿಸುವ ಕಾನೂನು ತಂದರು. ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಅಲ್ಲಿಯ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ. ಸಂವಿಧಾನವನ್ನೇ ತಿದ್ದುತ್ತೇನೆ ಎಂದು 1951ರಲ್ಲಿ ಜನಮತಗಣನೆಗೆ ಹೋದರು. ಅದರಲ್ಲೂ ಸೋತರು. ಹೀಗೆ ಹತ್ತು ವರ್ಷ ಕಳೆಯಿತು. 1961ರ ಡಿಸೆಂಬರಿನಲ್ಲಿ ಚುನಾವಣೆ ಬಂತು. ಸರ್ಕಾರ ಸಾಲದ ಹರಿವನ್ನು ಬಿಗಿ ಮಾಡಿತ್ತು, ಕೆಲಸ ಕಳೆದುಕೊಂಡವರು ಬಹಳ ಜನ, ಸಿಟ್ಟು ನೆತ್ತಿಗೇರಿತ್ತು. ಮತ ಎಣಿಸುತ್ತ ಹೋದಂತೆ ಎರಡೂ ಕಡೆ ತಕ್ಕಡಿ ಸಮ. ಕೊನೆಗೆ ಎಲ್ಲರ ಕಣ್ಣು ಬ್ರಿಸ್ಬೇನ್ ನಗರದ ಮೋರ್ಟನ್ ಕ್ಷೇತ್ರದ ಮೇಲೆ ಬಿತ್ತು. ಅಲ್ಲಿ ಲಿಬರಲ್ ಅಭ್ಯರ್ಥಿ ಜಿಮ್ ಕಿಲನ್, ಮಾತಿನ ಮಲ್ಲ. ದಿನಗಟ್ಟಲೆ ಎಣಿಸಿದರು. ಒಂದು ದಿನ ಕಿಲನ್ ಮುಂದೆ, ಮರುದಿನ ಲೇಬರ್ ಮುಂದೆ.

ಕಣದಲ್ಲಿ ಒಬ್ಬ ಕಮ್ಯುನಿಸ್ಟ್ ಅಭ್ಯರ್ಥಿಯೂ ಇದ್ದರು. ಗೆಲ್ಲುವ ಮಾತಿಲ್ಲ. ಅವರನ್ನು ಕೈಬಿಟ್ಟು ಕಾಗದಗಳನ್ನು ಬಿಡಿಸಿದರು. ಎರಡನೆಯ ಅಂಕಿ ಹೆಚ್ಚಾಗಿ ಲೇಬರ್ ಪಕ್ಷಕ್ಕೆ ಇತ್ತು, ಅದು ಸಹಜ. ಆದರೆ ಕೆಲವು ಕಾಗದಗಳಲ್ಲಿ ಎರಡು ಎಂದು ಬರೆದದ್ದು ಕಿಲನ್ ಹೆಸರಿನ ಮುಂದೆ! ಕೊನೆಯ ಲೆಕ್ಕದಲ್ಲಿ ಕಿಲನ್ ಗೆದ್ದದ್ದು 130 ಮತಗಳಿಂದ. ಮೆಂಜಿಸ್ ಸರ್ಕಾರ ಉಳಿಯಿತು. ಕಮ್ಯುನಿಸ್ಟರನ್ನು ಇಲ್ಲವಾಗಿಸಲು ಹೊರಟವರ ಕುರ್ಚಿಗೆ ಕಮ್ಯುನಿಸ್ಟರಿಗೆ ಮೊದಲ ಮತ ಕೊಟ್ಟವರೇ ಹೆಗಲು ಕೊಟ್ಟರು. ಮರುದಿನ ಪತ್ರಿಕೆಗಳಲ್ಲಿ, ಮೆಂಜಿಸ್ ಫೋನ್ ಮಾಡಿ "ಕಿಲನ್, ನೀನು ಅದ್ಭುತ" ಎಂದರು ಎಂಬ ಸುದ್ದಿ. ಅಂಥ ಫೋನ್ ಬರಲೇ ಇಲ್ಲ. ಆ ಮಾತನ್ನು ಕಟ್ಟಿ ಪತ್ರಕರ್ತರಿಗೆ ಕೊಟ್ಟದ್ದು ತಾನೇ ಎಂದು ಕಿಲನ್ ಆಮೇಲೆ ನಗುತ್ತ ಒಪ್ಪಿಕೊಂಡರು.

ಆ ಕೆಲವರು ಯಾಕೆ ಹಾಗೆ ಬರೆದರು? ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಉತ್ತರ ಒಂದೇ: ದಾಯಾದಿ ಮತ್ಸರ. ದೂರದ ಶತ್ರುವಿಗಿಂತ ಪಾಲು ಹಂಚಿಕೊಂಡ ಅಣ್ಣನ ಮೇಲೆ ಸಿಟ್ಟು ಹೆಚ್ಚು. ನಂಬದಿದ್ದರೆ ಲೇಬರ್ ಪಕ್ಷದ ಕಥೆಯನ್ನೇ ನೋಡಿ. 1955ರಲ್ಲಿ ಆ ಪಕ್ಷ ಒಡೆಯಿತು. ಹೊರಗೆ ಹೋದವರು ಡೆಮಾಕ್ರಟಿಕ್ ಲೇಬರ್ ಪಕ್ಷ ಕಟ್ಟಿದರು. ಕೆಳಮನೆಯ ಚುನಾವಣೆಯಲ್ಲಿ ಆ ಹೆಸರಿನಲ್ಲಿ ಅವರು ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಗೆಲ್ಲುವುದು ಅವರಿಗೆ ಬೇಕೂ ಇರಲಿಲ್ಲ ಎಂದೇ ನನ್ನ ಲೆಕ್ಕ. ಹಳೆಯ ಮನೆಯವರನ್ನು ಕೆಳಗೆ ಬರೆಯಿರಿ ಎಂದು ತಮ್ಮ ಬೆಂಬಲಿಗರಿಗೆ ಹೇಳಿದರು, ಅಷ್ಟೇ. 1949ರಲ್ಲಿ ಅಧಿಕಾರ ಕಳೆದುಕೊಂಡಿದ್ದ ಲೇಬರ್ ಮತ್ತೆ ಬಂದದ್ದು 1972ರಲ್ಲಿ. ಇಪ್ಪತ್ತಮೂರು ವರ್ಷ! ಯಾರು ಬೇಡ ಎಂಬ ಅಂಕಿಯ ಬಲ ಅಷ್ಟು.

ಮೋರ್ಟನ್‌ನಲ್ಲಿ ಕೆಲವರು ಯೋಚನೆಯನ್ನೇ ಮಾಡದೆ ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ಗೀಚಿರಲೂಬಹುದು. ಅಲ್ಲಿ ಅದಕ್ಕೆ ಕತ್ತೆ ಮತ ಎಂದೇ ಹೆಸರು. ಆಗ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಇರುತ್ತಿದ್ದವು. 1937ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆಯ ಚುನಾವಣೆಗೆ ಲೇಬರ್ ಪಕ್ಷ ನಿಲ್ಲಿಸಿದ ನಾಲ್ವರು ಯಾರು ಗೊತ್ತೇ? ಅಮೂರ್, ಆರ್ಮ್‌ಸ್ಟ್ರಾಂಗ್, ಆರ್ಥರ್, ಆಶ್ಲಿ. ನಾಲ್ವರೂ ಗೆದ್ದರು. ಈಗ ಮತಪತ್ರದಲ್ಲಿ ಯಾರ ಹೆಸರು ಎಲ್ಲಿ ಎಂದು ಚೀಟಿ ಎತ್ತುತ್ತಾರೆ.

ಕಥೆಯಲ್ಲೇ ಹೊತ್ತು ಹೋಯಿತು. ಬರೆದುಕೊಂಡು ಬಂದ ಹಾಳೆಗಳಲ್ಲಿ ಇನ್ನೂ ಮೂರು ಉಳಿದಿವೆ, ಬೇಗ ಬೇಗ ಹೇಳುತ್ತೇನೆ.

ಯಾವುದನ್ನು ನೋಡಿ ಬೇಡ ಎನ್ನುತ್ತಾರೆ? ಮನೆಯ ಸಾಲದ ಬಡ್ಡಿ, ಬಾಡಿಗೆ, ಡಾಕ್ಟರಿಗೆ ಕೈಯಿಂದ ಎಷ್ಟು ಕೊಡಬೇಕು, ಕರೆಂಟ್ ಬಿಲ್. ನಾಯಕನ ಮುಖವೂ ಲೆಕ್ಕಕ್ಕೆ ಬರುತ್ತದೆ. 2025ರಲ್ಲಿ ವಿರೋಧ ಪಕ್ಷದ ನಾಯಕ ಪೀಟರ್ ಡಟನ್, ಸರ್ಕಾರಿ ನೌಕರರು ಮನೆಯಿಂದ ಕೆಲಸ ಮಾಡುವುದನ್ನು ನಿಲ್ಲಿಸುತ್ತೇವೆ ಎಂದು ಹೊರಟು, ಪ್ರಚಾರದ ಮಧ್ಯದಲ್ಲೇ ಮಾತು ಹಿಂತೆಗೆದುಕೊಂಡರು. ಕೊನೆಗೆ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು.

ಅಪ್ಪ ಹಾಕಿದ ಪಕ್ಷಕ್ಕೇ ಮಗನೂ ಹಾಕುವ ಕಾಲ ಅಲ್ಲಿಯೂ ಮುಗಿಯುತ್ತಿದೆ. ನಾನು ಸದಾ ಒಂದೇ ಪಕ್ಷಕ್ಕೆ ಮತ ಹಾಕಿದ್ದೇನೆ ಎಂದು 1967ರ ಸಮೀಕ್ಷೆಯಲ್ಲಿ ನೂರಕ್ಕೆ 72 ಜನ ಹೇಳಿದ್ದರು. 2022ರಲ್ಲಿ ಹಾಗೆ ಹೇಳಿದವರು 37. ಮೆಂಜಿಸ್ ಅವರದೇ ಕ್ಷೇತ್ರವಾಗಿದ್ದ ಮೆಲ್ಬರ್ನಿನ ಕೂಯಾಂಗ್ ಆ ವರ್ಷ ಪಕ್ಷೇತರರಾದ ಮಕ್ಕಳ ವೈದ್ಯೆ ಮೊನಿಕ್ ರಯನ್ ಕೈಗೆ ಹೋಯಿತು. ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದವರು ಹಣಕಾಸು ಸಚಿವರಾಗಿದ್ದ ಲಿಬರಲ್ ಪಕ್ಷದ ಜಾಶ್ ಫ್ರೈಡನ್‌ಬರ್ಗ್. ಉಳಿದವರ ಎರಡು ಮೂರನೆಯ ಅಂಕಿಗಳು ಅವರನ್ನು ಕೆಳಗಿಳಿಸಿದವು. ಸೆನೆಟ್‌ಗೆ ಬಿಳಿ ಕಾಗದ, ಮೇಜಿಗೆ ಹಾಸುವಷ್ಟು ಅಗಲ. ಅದರ ಲೆಕ್ಕ ಹೇಳಲು ಇನ್ನೊಂದು ಭಾಷಣವೇ ಬೇಕು, ಕರೆದರೆ ಬರುತ್ತೇನೆ.

ಮತದಾನದ ದಿನ ಮಗಳು ಅಳಿಯನ ಜೊತೆ ನಾನೂ ಹತ್ತಿರದ ಶಾಲೆಗೆ ಹೋದೆ. ಮೇ ತಿಂಗಳೆಂದರೆ ಅಲ್ಲಿ ಚಳಿ. ಬಾಗಿಲಿನಿಂದ ಆರು ಮೀಟರ್ ದೂರದಲ್ಲಿ ಪಕ್ಷಗಳ ಕಾರ್ಯಕರ್ತರು ನಿಂತು ಕಾರ್ಡು ಹಂಚುತ್ತಿದ್ದರು. ಯಾವ ಚೌಕದಲ್ಲಿ ಯಾವ ಅಂಕಿ ಬರೆಯಬೇಕು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಮಗಳು ಎಲ್ಲರ ಕಾರ್ಡನ್ನೂ ತೆಗೆದುಕೊಂಡಳು. ಅಳಿಯ ಎರಡು ಕೈಗಳನ್ನೂ ಜಾಕೆಟ್ಟಿನ ಜೇಬಿಗೆ ಹಾಕಿ, ಯಾರ ಮುಖವನ್ನೂ ನೋಡದೆ ನಡೆದರು. ಅಂಗಳದಲ್ಲಿ ಶಾಲೆಯ ನಿಧಿಗಾಗಿ ಪಾಲಕರು ಸಾಸೇಜ್ ಸುಡುತ್ತಿದ್ದರು. ಅದನ್ನು ಡೆಮಾಕ್ರಸಿ ಸಾಸೇಜ್ ಎನ್ನುತ್ತಾರೆ. 2016ರಲ್ಲಿ ಅದು ಆ ದೇಶದ ವರ್ಷದ ಪದವೆಂದು ಆಯ್ಕೆಯಾಗಿತ್ತು. ನಾನು ಸಸ್ಯಾಹಾರಿ ಎಂದದ್ದಕ್ಕೆ ಒಂದು ಬ್ರೆಡ್ಡಿನ ಮೇಲೆ ಬರೀ ಹುರಿದ ಈರುಳ್ಳಿ ಹಾಕಿ, ಟೊಮೆಟೊ ಸಾಸ್ ಸುರಿದು, ಕಾಗದದಲ್ಲಿ ಸುತ್ತಿ ಕೊಟ್ಟರು. ಹಣ ಮಾತ್ರ ಪೂರ್ತಿ ತೆಗೆದುಕೊಂಡರು.

ಮಗಳು ಹೊರಗೆ ಬಂದಳು. ಮೇಷ್ಟರ ಚಟ, ಎಂಟನೆಯ ಅಂಕಿ ಯಾರಿಗೆ ಬರೆದೆ ಎಂದು ಕೇಳಿದೆ. ಅವಳು ಹಿಂದೆ ತಿರುಗಿ ನೋಡಿದಳು. ಅಳಿಯ ಇನ್ನೂ ಒಳಗೇ ಇದ್ದರು.

"ಒಂದು ಯಾರಿಗೆ ಎಂದು ಬೇಕಾದರೆ ಹೇಳುತ್ತೇನೆ ಅಪ್ಪ. ಎಂಟು ಕೇಳಬೇಡಿ. ಇವರ ಒಂದು ಅದೇ."

ನಮಸ್ಕಾರ.